ಹಿಂಸೆಯನ್ನು ಅಳೆಯಲು ಹಣ ಬೇಡವೇ?

ಜ್ವರಮಾಪಕವನ್ನು ಒಡೆದುಹಾಕಿದ ಮಾತ್ರಕ್ಕೆ ರೋಗಿಯ ಜ್ವರ ಇಳಿಯುವುದಿಲ್ಲ. ಇದು ಎಲ್ಲರಿಗೂ ತಿಳಿದ ಮಾತು. ಆದರೂ ರಾಜ್ಯಾಡಳಿತದಲ್ಲಿ ಇಂತಹ ಕಾರ್ಯ ಕೆಲವು ವೇಳೆ ನಡೆದುಹೋಗುತ್ತದೆ. ಅಮೆರಿಕದ ಒಂದು ನಿದರ್ಶನವನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಹಿಂಸೆಯನ್ನೂ ರೋಗದಂತೆಯೇ ಶಾಸ್ತ್ರೀಯವಾಗಿ ಪರಿಶೀಲಿಸಬಹುದೆಂಬ ನಂಬಿಕೆಯಿಂದ ಆ ದೇಶದ ರೋಗನಿಯಂತ್ರಣ ಕೇಂದ್ರವು ಸಂಶೋಧನೆಗೆ ಧನಸಹಾಯ ಮಾಡುತ್ತಿತ್ತು. ಅದರ ನೆರವಿನಿಂದ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಬಂದೂಕನ್ನು ಇಟ್ಟುಕೊಂಡ ಮನೆಗಳಲ್ಲಿ ಮನೆಯೊಳಗೇ ಕೊಲೆ ನಡೆಯುವ ಸಂಭವವು ಸುಮಾರು 2.7 ಪಟ್ಟು ಹೆಚ್ಚೆಂದು ಅದು ತೋರಿಸಿತು. ಬಂದೂಕಿನ ಪಕ್ಷಪಾತಿಗಳು ಕೆರಳಿದರು. 1996ರಲ್ಲಿ ಅಮೆರಿಕದ ಕಾಂಗ್ರೆಸ್ಸು, ಕೇಂದ್ರದ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಕೂಡದೆಂದು ವಿಧಿಸಿತು; ಹಿಂದಿನ ವರ್ಷ ಇಂತಹ ಸಂಶೋಧನೆಗೆ ವೆಚ್ಚವಾಗಿದ್ದ 26 ಲಕ್ಷ ಡಾಲರುಗಳಷ್ಟೇ ಮೊತ್ತವನ್ನು ಬೇರೆಡೆಗೆ ತಿರುಗಿಸಿತು.

ಶಾಸನವು ನಿಷೇಧಿಸಿದ್ದು ಪ್ರಚಾರವನ್ನು ಮಾತ್ರ. ಆದರೆ ಅಧಿಕಾರಿಗಳ ಅಂಜಿಕೆಯಿಂದ ಸಂಶೋಧನೆಯೇ ಬಹುಮಟ್ಟಿಗೆ ನಿಂತುಹೋಯಿತು. ಈ ವಿಧಿಗೆ ತನ್ನ ಹೆಸರನ್ನಿತ್ತ ಜೇ ಡಿಕಿಯವರೇ 2012ರಲ್ಲಿ, ತಮ್ಮ ಹಿಂದಿನ ಪ್ರತಿವಾದಿ ಮಾರ್ಕ್ ರೋಸನ್‌ಬರ್ಗರೊಡನೆ ಸೇರಿ, ಸಂಶೋಧನೆಗೆ ಹಣ ಒದಗಿಸಬೇಕೆಂದು ಬರೆದರು. ಮೋಟಾರು ಗಾಡಿಗಳನ್ನು ನಿಷೇಧಿಸದೆಯೇ ರಸ್ತೆಯ ಸಾವುಗಳನ್ನು ತಗ್ಗಿಸಿದ್ದು ಸಂಶೋಧನೆಯಲ್ಲವೇ ಎಂಬುದು ಅವರ ವಾದ. ಕಡೆಗೆ 2020ರ ಆರ್ಥಿಕ ವರ್ಷಕ್ಕೆ ಎರಡೂವರೆ ಕೋಟಿ ಡಾಲರು ಮಂಜೂರಾಯಿತು. ಅದೇ 2020ರಲ್ಲಿ ಬಂದೂಕಿನಿಂದ ಸತ್ತವರು, ಆತ್ಮಹತ್ಯೆಗಳೂ ಸೇರಿ, 45,222 ಮಂದಿ.

ವಿಜ್ಞಾನಿಯು ರಾಜಕೀಯಕ್ಕೆ ಕೈಹಾಕಬಾರದೆಂದು ಕೆಲವರು ಆಕ್ಷೇಪಿಸಬಹುದು. ಯಾವ ಕಾನೂನು ಬೇಕೆಂದು ನಿರ್ಧರಿಸುವುದು ಜನಪ್ರತಿನಿಧಿಗಳ ಹಕ್ಕು, ನಿಜ. ಆದರೆ ಯಾವ ಕ್ರಮದಿಂದ ಯಾವ ಫಲ ದೊರೆಯುತ್ತದೆಂಬುದು ಮತದಿಂದ ತೀರ್ಮಾನವಾಗತಕ್ಕ ವಿಷಯವಲ್ಲ. ಅದನ್ನು ಅಳೆದೇ ತಿಳಿಯಬೇಕು. ಅಳತೆಗೆ ಹಣವನ್ನು ನಿರಾಕರಿಸುವವರು ತಟಸ್ಥರೆನಿಸಲಾರರು. ಇದ್ದುದು ಇದ್ದಂತೆಯೇ ಇರಲಿ ಎಂಬ ಪಕ್ಷವನ್ನು ಅವರು ಹಿಡಿದಂತಾಯಿತು.

ದೂರದ ದೇಶದ ಈ ಮಾತು ನಮಗೇಕೆ ಎನ್ನುವಂತಿಲ್ಲ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಗಂಡನಿಂದ ಹಿಂಸೆಗೆ ಗುರಿಯಾದ ಸ್ತ್ರೀಯರ ಲೆಕ್ಕವನ್ನು ತೆಗೆಯುತ್ತದೆ. ಕರ್ನಾಟಕದಲ್ಲಿ 2015-16ರಲ್ಲಿ ಈ ಪ್ರಮಾಣ ಶೇಕಡ 20.6 ಇದ್ದಿತು, 2019-21ರಲ್ಲಿ ಶೇಕಡ 44.4ಕ್ಕೆ ಏರಿತು. ಹಿಂಸೆಯೇ ಇಮ್ಮಡಿಯಾಯಿತೇ? ಅಥವಾ ಹಿಂದೆ ಮೌನವಾಗಿದ್ದವರು ಈಗ ಬಾಯಿಬಿಟ್ಟು ಹೇಳತೊಡಗಿದರೇ? ಮೊದಲನೆಯದಾದರೆ ಅದು ಆತಂಕದ ಸಂಗತಿ. ಎರಡನೆಯದಾದರೆ ಒಂದು ಬಗೆಯ ಮುನ್ನಡೆ. ಎರಡಕ್ಕೂ ಬೇಕಾದ ಪರಿಹಾರಗಳು ಬೇರೆಬೇರೆ. ಕೇವಲ ಅಂಕಿಗಳು ಈ ಭೇದವನ್ನು ತಿಳಿಸಲಾರವು; ಕಾರಣವನ್ನು ಅರಸುವ ಅಧ್ಯಯನ ಬೇಕು.

ಆದುದರಿಂದ ಹಿಂಸೆಯನ್ನು ತಡೆಯುವ ಪ್ರತಿಯೊಂದು ಯೋಜನೆಯ ಹಣದಲ್ಲಿಯೂ ಒಂದು ಪಾಲನ್ನು ಅದರ ಫಲವನ್ನು ಅಳೆಯಲು ಮೀಸಲಿಡುವುದು ಸರ್ಕಾರದ ಕರ್ತವ್ಯ. ಬಂದ ಫಲಿತಾಂಶವು ಆಳುವವರಿಗೆ ಪ್ರಿಯವಾಗಲಿ ಅಪ್ರಿಯವಾಗಲಿ, ಅದು ಜನರ ಮುಂದೆ ಬರಬೇಕು. ಭೌತಶಾಸ್ತ್ರದಂತೆಯೇ ಸಮಾಜದ ಈ ನೋವಿನ ಪರಿಶೀಲನೆಯೂ ವಿಜ್ಞಾನವೇ ಎಂದರಿತು ನಮ್ಮ ತರುಣರು ಈ ಕ್ಷೇತ್ರಕ್ಕೆ ಕಾಲಿಡಲಿ.