ವರ್ಷ ತುಂಬಿದ ಮೇಲೂ ಬಾಟಲಿ ಯಾಕೆ?

ವರ್ಷ ತುಂಬಿದ ಮಗು ಹಾಲಿನ ಬಾಟಲಿ ಕಚ್ಚಿಕೊಂಡು ಓಡಾಡುವುದನ್ನು ಕಂಡರೆ ನಾನು ಸುಮ್ಮನಿರುವವಳಲ್ಲ. ಬಸ್ ಸ್ಟಾಪಾದರೂ ಸರಿ, ಮದುವೆ ಮನೆಯಾದರೂ ಸರಿ, ತಾಯಿಯನ್ನು ಪಕ್ಕಕ್ಕೆ ಕರೆದು ವಿಚಾರಿಸುತ್ತೇನೆ. ಹೆಸರಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಅಂಗನವಾಡಿ ಟೀಚರಾಗಿದ್ದು ನಿವೃತ್ತಿಯಾದ ಮೇಲೂ ಈ ಅಭ್ಯಾಸ ಹೋಗಿಲ್ಲ. ಕೆಲವರು ಮುಖ ಗಂಟು ಹಾಕಿಕೊಳ್ಳುತ್ತಾರೆ. ಆದರೆ ಬಹಳಷ್ಟು ತಾಯಂದಿರು ಹೇಳುವುದು ಒಂದೇ ಮಾತು: "ಬಿಡಿಸ್ಬೇಕು ಅಂತ ನಮಗ್ಯಾರೂ ಹೇಳ್ಲೇ ಇಲ್ವಲ್ಲ ಟೀಚರೇ."

ಅವರು ಹೇಳುವುದು ನಿಜ. ಹಾಲಿನ ಪುಡಿ ಮತ್ತು ಬಾಟಲಿಗಳ ಮೇಲೆ 1992ರಲ್ಲೇ ಕೇಂದ್ರದ ಕಾಯ್ದೆ ಬಂತು, 2003ರ ತಿದ್ದುಪಡಿಯಲ್ಲಿ ಇನ್ನಷ್ಟು ಬಿಗಿಯಾಯಿತು. ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ, ಆಸ್ಪತ್ರೆ ಗೋಡೆಗೆ ಅದರ ಪೋಸ್ಟರ್ ಅಂಟಿಸುವಂತಿಲ್ಲ, ಬಾಣಂತಿಗೆ ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ. ಒಳ್ಳೆಯ ಕಾಯ್ದೆ, ಎರಡು ಮಾತಿಲ್ಲ. ಆದರೆ ಹೆರಿಗೆ ರಜೆ ಮುಗಿಸಿ ಪೀಣ್ಯದ ಕಡೆಯ ಗಾರ್ಮೆಂಟ್ಸ್‌ಗೆ ಬೆಳಗಿನ ಬಸ್ಸು ಹತ್ತುವ ಹೆಣ್ಣುಮಗಳ ಮನೆಗೆ ಬಾಟಲಿ ಬಂದು ಸೇರಿರುತ್ತದೆ. ಬಂದದ್ದನ್ನು ಯಾವಾಗ, ಹೇಗೆ ಬಿಡಿಸಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಹೇಳಬೇಕಾದವರೂ ಹೇಳುತ್ತಿಲ್ಲ.

ಬಿಡಿಸದಿದ್ದರೆ ಏನಾಗುತ್ತದೆ ಎನ್ನುವುದನ್ನು ಮಗುವಿನ ತುಟಿ ಎತ್ತಿ ನೋಡಿದರೆ ಸಾಕು. ಮೇಲಿನ ಮುಂಭಾಗದ ನಾಲ್ಕು ಹಲ್ಲುಗಳ ಬುಡದಲ್ಲಿ ಮೊದಲು ಸುಣ್ಣದಂಥ ಬಿಳಿ ಗೆರೆ, ಆಮೇಲೆ ಕಂದು ಬಣ್ಣ, ಆಮೇಲೆ ಮೊಂಡು. ರಾತ್ರಿ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿದ ಮಗುವಿನ ಹಲ್ಲಿನ ಸುತ್ತ ಹಾಲು ನಿಂತು ಹುಳುಕು ಹಿಡಿಯುವುದು ಹೀಗೆ. ಸಕ್ಕರೆ ಹಾಕಿದ್ದರೆ ಇನ್ನೂ ಬೇಗ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಹಸುವಿನ ಹಾಲಿನಲ್ಲಿ ಕಬ್ಬಿಣದಂಶ ತೀರಾ ಕಡಿಮೆ. ದಿನಕ್ಕೆ ಅರ್ಧ ಲೀಟರ್ ಮೀರಿ ಹಾಲು ಕುಡಿದ ಮಗುವಿಗೆ ಹೊಟ್ಟೆ ತುಂಬಿಹೋಗಿ ಮುದ್ದೆ, ಸಾರು, ಸೊಪ್ಪು, ಮೊಟ್ಟೆ ಯಾವುದೂ ಬೇಡವಾಗುತ್ತದೆ. ಲೋಟದಲ್ಲಿ ಅಷ್ಟು ಹಾಲು ಕುಡಿಸುವುದು ಕಷ್ಟ, ಬಾಟಲಿಯಲ್ಲಿ ಸಲೀಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಅದಕ್ಕೆಲ್ಲ ಬಾಟಲಿಯೇ ಕಾರಣ ಎನ್ನುತ್ತಿಲ್ಲ. ಆದರೆ ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್ ಹಾಕಿ ಎಂದು ತಾಯಿಗೆ ಹೇಳುವ ನಾವು, ಆ ಮಗು ಊಟ ಯಾಕೆ ಬಿಟ್ಟಿದೆ ಎಂದು ಕೇಳಬೇಡವೇ? ನಿಪ್ಪಲ್ಲಿನ ತೂತನ್ನು ಬ್ಲೇಡಿನಲ್ಲಿ ಅಗಲ ಮಾಡಿ ರಾಗಿ ಸರಿಯನ್ನೂ ಬಾಟಲಿಗೇ ಹಾಕಿ ಕೊಡುವವರನ್ನು ನೋಡಿದ್ದೇನೆ. ಅಗಿಯುವುದನ್ನು ಆ ಮಗು ಕಲಿಯುವುದಾದರೂ ಯಾವಾಗ?

ನಮ್ಮ ಅಜ್ಜಿಯರು ಒಳಲೆ ಎಂಬ ಪುಟ್ಟ ಪಾತ್ರೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದರು. ಉಳ್ಳವರ ಮನೆಯಲ್ಲಿ ಬೆಳ್ಳಿಯದು, ಉಳಿದವರಲ್ಲಿ ಹಿತ್ತಾಳೆಯದು. ಬಲವಂತವಾಗಿ ಸುರಿದು ಕೂಸಿಗೆ ನೆತ್ತಿ ಹತ್ತಿಸುತ್ತಿದ್ದವರೂ ಇದ್ದರು, ಅದು ತಪ್ಪೇ. ಆದರೆ ಆ ಪಾತ್ರೆಯ ಗುಣ ದೊಡ್ಡದು. ಮೂಲೆಯಿಲ್ಲ, ಕತ್ತಿಲ್ಲ, ಬೆರಳಾಡಿಸಿ ತೊಳೆಯಬಹುದು, ಬಿಸಿನೀರಿನಲ್ಲಿ ಕುದಿಸಬಹುದು. ತೂಕ ಕಡಿಮೆಯಿರುವ ಕೂಸುಗಳಿಗೆ ಆಸ್ಪತ್ರೆಯ ನವಜಾತ ಶಿಶು ಘಟಕಗಳಲ್ಲಿ ನರ್ಸುಗಳು ಇಂದಿಗೂ ತಾಯಿ ಹಿಂಡಿಕೊಟ್ಟ ಎದೆಹಾಲನ್ನು ಒಳಲೆಯಂಥ ಪಾತ್ರೆಯಲ್ಲೇ ಕುಡಿಸುತ್ತಾರೆ. ಅಂಥ ಕೂಸೇ ಗುಟುಕರಿಸಬಲ್ಲದು ಎಂದ ಮೇಲೆ ಒಂದೂವರೆ ವರ್ಷದ ಪೋರನಿಗೆ ಆಗುವುದಿಲ್ಲವೇ?

ಆಗುತ್ತದೆ, ನಿಧಾನ ಬೇಕು ಅಷ್ಟೇ. ಹೆಸರಘಟ್ಟ ದನಕರುಗಳ ಊರು, ಕೇಂದ್ರ ಸರ್ಕಾರದ ತಳಿ ಫಾರ್ಮು ಇರುವ ಜಾಗ. ತಾಯಿಯಿಂದ ಬೇರೆ ಮಾಡಿದ ಕರುವಿಗೆ ಬಕೆಟ್ ಹಾಲು ಕಲಿಸುವುದನ್ನು ಕಂಡವರಿಗೆ ಗೊತ್ತು. ಬೆರಳನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಕೊಡುತ್ತಾರೆ, ಕರು ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಬಕೆಟ್ಟಿಗೆ ಇಳಿಸುತ್ತಾರೆ, ಮೂತಿ ಹಾಲಿಗೆ ತಗುಲಿದ ಮೇಲೆ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಯಾರೂ ಮೊದಲ ದಿನವೇ ತಲೆ ಅದುಮುವುದಿಲ್ಲ.

ನಮ್ಮ ಬೀದಿಯ ಒಬ್ಬ ಹುಡುಗನಿಗೆ ಬಾಟಲಿ ಬಿಡಿಸಿದ್ದೂ ಹೀಗೆಯೇ. ತಾಯಿ ಕೆಲಸಕ್ಕೆ ಹೋಗುತ್ತಾಳೆ, ನೋಡಿಕೊಳ್ಳುವುದು ಅಜ್ಜಿ. "ಬಾಟ್ಲಿ ಇಲ್ದಿದ್ರೆ ಇವ್ನು ಮಲಗಾಕಿಲ್ಲ ಕಣಮ್ಮ" ಎಂದು ಆಕೆ ಕೈಚೆಲ್ಲಿದ್ದರು. ರಾತ್ರಿಯದನ್ನು ಮುಟ್ಟಬೇಡಿ, ಮಧ್ಯಾಹ್ನದ ಬಾಟಲಿ ಒಂದನ್ನು ಮೊದಲು ನಿಲ್ಲಿಸಿ ಎಂದೆ. ಅಂಗೈಯಲ್ಲಿ ಹಿಡಿಸುವ ಸಣ್ಣ ಸ್ಟೀಲ್ ಲೋಟ, ಅದರ ತಳದಲ್ಲಿ ಬೆರಳಗಲದ ಹಾಲು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಗೆ ಬರುವಷ್ಟು ಮಾತ್ರ ಬಗ್ಗಿಸಬೇಕು. ಸುರಿಯಬಾರದು, ಅವನೇ ಎಳೆದುಕೊಳ್ಳಬೇಕು. ಮೊದಮೊದಲು ಅವನು ಅಂಚನ್ನೇ ನಾಲಗೆಯಿಂದ ನೂಕಿದ, ಹಾಲೆಲ್ಲ ಗಲ್ಲದ ಮೇಲೆ ಹರಿದು ಅಂಗಿಯೊಳಗೆ ಇಳಿಯಿತು. ಆಮೇಲೆ ಎರಡೂ ಕೈಯಲ್ಲಿ ಲೋಟ ಕಿತ್ತುಕೊಂಡು ತಾನೇ ಕುಡಿಯಲು ಹಟ ಹಿಡಿದ. ಆ ಹಟ ಬಂದರೆ ಅರ್ಧ ಕೆಲಸ ಮುಗಿದಂತೆ. ರಾತ್ರಿಯ ಬಾಟಲಿ ಕೊನೆಗೆ ಹೋಯಿತು: ಮೊದಲು ಸಕ್ಕರೆ ಬಿಟ್ಟರು, ಮತ್ತೆ ದಿನಕ್ಕಿಷ್ಟು ನೀರು ಹೆಚ್ಚಿಸುತ್ತ ಬಂದು ಬರೀ ನೀರಾಯಿತು. ಬರೀ ನೀರಿಗಾಗಿ ಅಳುವುದರಲ್ಲಿ ಅವನಿಗೂ ರುಚಿ ಉಳಿಯಲಿಲ್ಲ. ಹಾಲನ್ನು ಊಟವಾದ ಮೇಲೆ ಲೋಟದಲ್ಲಿ ಕೊಟ್ಟು, ಬಾಯಿ ಒರೆಸಿ, ಬೆನ್ನು ತಟ್ಟಿ ಮಲಗಿಸುವುದು ಅಜ್ಜಿಗೆ ರೂಢಿಯಾಯಿತು.

ಮೆಡಿಕಲ್ ಸ್ಟೋರಿನ ಸಿಪ್ಪರ್ ತರಬಹುದೇ ಎಂದು ಕೇಳುವವರಿದ್ದಾರೆ. ಚೀಪಿದರೆ ಮಾತ್ರ ಹಾಲು ಬರುವ ಸಿಪ್ಪರ್ ಕೊಟ್ಟರೆ ಚೀಪುವ ಅಭ್ಯಾಸ ಹಾಗೇ ಉಳಿಯುತ್ತದೆ, ದುಡ್ಡು ದಂಡ. ಎದೆಹಾಲನ್ನಂತೂ ಎರಡು ವರ್ಷ, ಬೇಕೆಂದರೆ ಅದಕ್ಕೂ ಮೇಲೆ ಕುಡಿಸಲಿ. ನನ್ನ ತಕರಾರು ಬಾಟಲಿಯ ಮೇಲೆ ಮಾತ್ರ.

ಇಷ್ಟನ್ನು ಹೇಳಲು ಹೊಸ ಇಲಾಖೆ ಬೇಕಿಲ್ಲ. 2018ರಿಂದ ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12 ಮತ್ತು 15ನೇ ತಿಂಗಳಿಗೆ ಮನೆಗೆ ಭೇಟಿ ಕೊಡುವ ಕಾರ್ಯಕ್ರಮ ಇದೆ. ಆರನೇ ತಿಂಗಳಿಗೆ, ಮೇಲಿನ ಆಹಾರ ಶುರುವಾಗುವಾಗಲೇ, ಲೋಟದಲ್ಲಿ ಎರಡು ಗುಟುಕು ನೀರು ಕುಡಿಸಿ ತೋರಿಸಲಿ. ಹನ್ನೆರಡನೇ ತಿಂಗಳಿಗೆ ಬಾಟಲಿ ಎಷ್ಟು ಕಡಿಮೆಯಾಯಿತು ಎಂದು ಕೇಳಲಿ. ಹದಿನೈದಕ್ಕೆ ಬಂದಾಗ ತುಟಿ ಎತ್ತಿ ಹಲ್ಲು ನೋಡಲಿ. ಆದರೆ ಒಂದು ಭೇಟಿಗೆ 50 ರೂಪಾಯಿ ಎಂದು ಲೆಕ್ಕ ಹಾಕಿ ಶುರು ಮಾಡಿದ ಕಾರ್ಯಕ್ರಮ ಇದು. ಅಷ್ಟು ದುಡ್ಡಿಗೆ ಒಂದು ಗಂಟೆ ಕೂತು ಹಾಲು ಕುಡಿಸುವುದನ್ನೂ ಕಲಿಸು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕೆಲಸ ಹೆಚ್ಚಿಸುವುದಾದರೆ ಸಂಭಾವನೆಯನ್ನೂ ಹೆಚ್ಚಿಸಬೇಕು.

ಅಂಗನವಾಡಿಗೆ ಬರುವವರೆಗೆ ಕಾಯುವುದು ಬೇಡ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಶುರುವಾದಾಗಿನಿಂದ ಅಲ್ಲಿ ಲೋಟದಲ್ಲೇ ಹಾಲು. ಮೂರು ವರ್ಷವಾದರೂ ಲೋಟಕ್ಕೆ ಬಾಯಿ ಹಚ್ಚಲು ಬಾರದೆ, ಪಕ್ಕದ ಮಕ್ಕಳು ಕುಡಿಯುವುದನ್ನು ನೋಡುತ್ತ ಕೂತ ಮಕ್ಕಳು ನನ್ನ ಕಣ್ಣಮುಂದೆ ಇದ್ದಾರೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸುಗಳಿಗೆಂದೇ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿದೆ. ಅಲ್ಲಿ 'ಬಾಟಲಿ ತರಬಾರದು' ಎಂದು ಬೋರ್ಡು ಹಾಕಿದರೆ ತಾಯಿ ಬಾಗಿಲಿಂದಲೇ ಹಿಂದಕ್ಕೆ ಹೋಗುತ್ತಾಳೆ. ಬಾಟಲಿಯ ಜೊತೆಯಲ್ಲೇ ಮಗುವನ್ನು ಒಳಗೆ ಕರೆದುಕೊಳ್ಳಲಿ. ಪ್ರತಿ ಕೂಸಿಗೂ ಹೆಸರು ಕೊರೆಸಿದ ಒಂದು ಸಣ್ಣ ಸ್ಟೀಲ್ ಲೋಟ ಇಡಲಿ, ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸಲು ಪುರಸೊತ್ತು ಸಿಗುವಷ್ಟು ಆರೈಕೆದಾರರನ್ನು ನೇಮಿಸಲಿ. ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದ ತಾಯಿಯ ಕೈಗೆ ಆ ಲೋಟ ಕೊಟ್ಟು, ಅವಳ ಕೈಯಿಂದಲೇ ಒಂದು ಸಲ ಕುಡಿಸಿ ಕಳಿಸಲಿ.