ಕೊಳವೆ ಚಿಕ್ಕದು, ಹೊಣೆ ದೊಡ್ಡದು

ಒತ್ತಡ ಹೆಚ್ಚಿದಂತೆ ಅನಿಲದ ಗಾತ್ರ ಕುಗ್ಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಬಾಯಿಪಾಠ ಮಾಡದ ವಿದ್ಯಾರ್ಥಿ ಇಲ್ಲ. ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮರೆಯುವವರೂ ಕಡಿಮೆ ಇಲ್ಲ. ಆದರೆ ತಣ್ಣೀರಿನ ಆಳಕ್ಕೆ ಇಳಿಯುವ ಸ್ಕೂಬಾ ಮುಳುಗುಗಾರರು ಇದನ್ನು ಮರೆಯುವಂತಿಲ್ಲ. ಮರೆತರೆ ತೊಟ್ಟ ಉಡುಪೇ ಮೈಯನ್ನು ಹಿಂಡುತ್ತದೆ.

ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರಿಗೆ ಈ ಚಿಂತೆ ಇಲ್ಲ. ಅಲ್ಲಿಯ ಕಡಲು ಬೆಚ್ಚಗಿರುತ್ತದೆ. ಐಸ್‌ಲ್ಯಾಂಡಿನ ಸಿಲ್‌ಫ್ರಾ ಕಂದರದ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಷ್ಟೇ ಇರುತ್ತದೆ. ಸ್ಕಾಟ್‌ಲೆಂಡ್, ನಾರ್ವೆಗಳ ಕಡಲೂ ತಣ್ಣಗೇ. ಓದಲೆಂದು ಅಂಥ ದೇಶಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ವಿಶ್ವವಿದ್ಯಾಲಯದ ಮುಳುಗು ಸಂಘಗಳು ಸುಲಭವಾಗಿ ಸಿಗುತ್ತವೆ. ಅಲ್ಲಿ ಮೊದಲು ಪರಿಚಯವಾಗುವ ಹೊಸ ಉಡುಪೇ ಡ್ರೈಸೂಟ್.

ಹೆಸರೇ ಹೇಳುವಂತೆ ಇದರೊಳಗೆ ನೀರು ಬರುವುದಿಲ್ಲ. ಕುತ್ತಿಗೆ, ಮಣಿಕಟ್ಟುಗಳಲ್ಲಿ ಬಿಗಿಯಾದ ಪಟ್ಟಿಗಳಿರುತ್ತವೆ. ಮೈಗೂ ಸೂಟಿಗೂ ನಡುವೆ ಉಳಿಯುವ ಗಾಳಿಯ ಪದರವೇ ಚಳಿಯನ್ನು ತಡೆಯುವ ಕಂಬಳಿ. ಬಾಯ್ಲ್ ನಿಯಮ ಕೆಲಸ ಮಾಡುವುದು ಇಲ್ಲೇ. ನೀರಿನ ಮೇಲೆ ಒಂದು ವಾತಾವರಣದಷ್ಟಿರುವ ಒತ್ತಡ 10 ಮೀಟರ್ ಆಳದಲ್ಲಿ ಎರಡಾಗುತ್ತದೆ, 30 ಮೀಟರ್‌ನಲ್ಲಿ ನಾಲ್ಕಾಗುತ್ತದೆ. ಅಂದರೆ ಸೂಟಿನೊಳಗಿನ ಗಾಳಿ ಮೊದಲು ಅರ್ಧಕ್ಕೆ, ಆಮೇಲೆ ಕಾಲು ಭಾಗಕ್ಕೆ ಇಳಿಯುತ್ತದೆ. ಬಟ್ಟೆಯ ಮಡಿಕೆಗಳು ಚರ್ಮವನ್ನು ಚಿವುಟುತ್ತವೆ, ಕೈಕಾಲು ಆಡಿಸುವುದು ಕಷ್ಟವಾಗುತ್ತದೆ, ತೇಲುವ ಶಕ್ತಿ ಕುಗ್ಗಿ ದೇಹ ಇನ್ನಷ್ಟು ಆಳಕ್ಕೆ ಜಾರುತ್ತದೆ. ಆಳ ಹೆಚ್ಚಿದಷ್ಟೂ ಹಿಂಡುವಿಕೆ ಹೆಚ್ಚು. ಹಿಂಡುವಿಕೆ ಹೆಚ್ಚಿದಷ್ಟೂ ಇನ್ನೂ ಆಳ.

ಈ ವಿಷಚಕ್ರವನ್ನು ಮುರಿಯುವುದು ಒಂದು ಸಣ್ಣ ಹೋಸ್. ಬೆನ್ನಿನ ಸಿಲಿಂಡರಿನಿಂದ ಹೊರಟು, ಎಡತೋಳಿನ ಕೆಳಗೆ ಸಾಗಿ, ಎದೆಯ ಮೇಲಿನ ಕವಾಟಕ್ಕೆ ಸೇರುವ ಕೊಳವೆ ಇದು. ಇಳಿಯುತ್ತಾ ಗುಂಡಿಯನ್ನು ಆಗಾಗ ಒತ್ತಿ ಸೂಟಿಗೆ ಚೂರುಚೂರೇ ಗಾಳಿ ತುಂಬಬೇಕು.

ಆ ಹೋಸ್ ಇಲ್ಲದಿದ್ದರೆ ಏನಾಗುತ್ತದೆ? 2020ರ ನವೆಂಬರಿನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಸರೋವರವೊಂದರಲ್ಲಿ ತರಬೇತಿಗೆಂದು ಡ್ರೈಸೂಟ್ ತೊಟ್ಟು ಇಳಿದ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ಮೇಲೆ ಬರಲಿಲ್ಲ. ಆಕೆಯ ಸೂಟಿಗೆ ಗಾಳಿಯ ಹೋಸನ್ನೇ ಜೋಡಿಸಿರಲಿಲ್ಲ. ಮೈಮೇಲೆ ಸೀಸದ ತೂಕವೂ ಹೆಚ್ಚಾಗಿತ್ತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಹೋದ ಜೀವ ಬರಲಿಲ್ಲ.

ಆದ್ದರಿಂದ ಹಳೆಯ ಹೋಸ್ ಬದಲಿಸುವಾಗ, ಅಥವಾ ಸೆಕೆಂಡ್ ಹ್ಯಾಂಡ್ ಸೂಟ್ ಕೊಳ್ಳುವಾಗ, ಮೊದಲು ನೋಡಬೇಕಾದುದು ಬೆಲೆಯನ್ನಲ್ಲ, ಹೋಸಿನ ಎರಡು ತುದಿಗಳನ್ನು.

ಸೂಟಿನ ಕಡೆಯ ತುದಿಯಲ್ಲಿ ಒತ್ತಿದರೆ ಕೂರುವ, ಎಳೆದರೆ ಬಿಡುವ ಕಪ್ಲಿಂಗ್ ಇರುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ತೇಲುವ ಜಾಕೆಟ್ಟಿಗೆ ಗಾಳಿ ತುಂಬಲು ಬಳಸುವಂಥದ್ದೇ ಸಾಧಾರಣ ಕಪ್ಲಿಂಗ್. ಇನ್ನೊಂದು, ಸ್ವೀಡನ್ನಿನ ಸಿ.ಇ.ಜೆ.ಎನ್. ಕಂಪೆನಿಯ ಹೆಸರಿನಿಂದಲೇ ಕರೆಯುವ, ಹೆಚ್ಚು ಗಾಳಿ ಹರಿಸುವ ಅಗಲ ಬಾಯಿಯ ಕಪ್ಲಿಂಗ್. ಒಂದು ಜಾತಿಯ ಹೋಸ್ ಇನ್ನೊಂದು ಜಾತಿಯ ಕವಾಟಕ್ಕೆ ಹೊಂದುವುದಿಲ್ಲ. ಹೆಚ್ಚು ಗಾಳಿ ಎಂದರೆ ಹೆಚ್ಚು ಒಳ್ಳೆಯದು ಎಂದೂ ಅಲ್ಲ. ಚಳಿಯಲ್ಲಿ ಕವಾಟ ಮಂಜುಗಟ್ಟಿ ತೆರೆದೇ ಉಳಿದರೆ ಸೂಟ್ ಬಲೂನಿನಂತೆ ಉಬ್ಬಿ ಮುಳುಗುಗಾರನನ್ನು ಮೇಲಕ್ಕೆ ಎಸೆಯುತ್ತದೆ. ಆಗ ಹೋಸನ್ನು ಕ್ಷಣದಲ್ಲಿ ಕಳಚಬೇಕು. ಹಾಗಾಗಿ ದಪ್ಪ ಕೈಗವಸು ತೊಟ್ಟೇ ಕಳಚಿ ನೋಡಿ ಕೊಳ್ಳುವುದು ಜಾಣತನ.

ಇನ್ನೊಂದು ತುದಿ ಸಿಲಿಂಡರಿನ ಬಾಯಿಗೆ ಕೂರುವ ರೆಗ್ಯುಲೇಟರಿಗೆ ಸೇರುತ್ತದೆ. ತುಂಬಿದ ಸಿಲಿಂಡರಿನ ಒತ್ತಡ ಸಾಮಾನ್ಯವಾಗಿ 200 ಬಾರ್. ರೆಗ್ಯುಲೇಟರ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಸೂಟಿನ ಹೋಸ್ ಸೇರಬೇಕಾದುದು ಈ ಇಳಿಸಿದ ಒತ್ತಡದ ರಂಧ್ರಕ್ಕೆ ಮಾತ್ರ. ಅದರ ಮರೆ ಸಾಮಾನ್ಯವಾಗಿ 3/8 ಅಂಗುಲದ್ದು, ಒತ್ತಡ ಮಾಪಕ ಕೂರುವ ಹೆಚ್ಚೊತ್ತಡದ ರಂಧ್ರದ ಮರೆ 7/16 ಅಂಗುಲದ್ದು. ಅಡ್ಡದಾರಿ ಹುಡುಕಿ ಹೇಗೋ ಕೂರಿಸುವ ಪ್ರಯತ್ನ ಸಲ್ಲದು. ಜೋಡಣೆಯನ್ನು ತಿಳಿದ ತಂತ್ರಜ್ಞರಿಂದಲೇ ಮಾಡಿಸಬೇಕು, ಓ-ರಿಂಗ್ ಎಂಬ ರಬ್ಬರ್ ಉಂಗುರವನ್ನೂ ಆಗಲೇ ನೋಡಿಸಬೇಕು.

ಉದ್ದದ ಮಾತೂ ಸಣ್ಣದಲ್ಲ. ಬೆನ್ನಿಗೆ ಒಂದೇ ಸಿಲಿಂಡರ್ ಹೊರುವವರಿಗೆ 75ರಿಂದ 90 ಸೆಂಟಿಮೀಟರ್ ಸಾಮಾನ್ಯ. ಆದರೆ ಎಲ್ಲರ ಮೈಕಟ್ಟೂ ಒಂದೇ ಅಲ್ಲವಲ್ಲ? ಒಳಗಿನ ಬೆಚ್ಚನೆಯ ಬಟ್ಟೆ, ಸೂಟ್, ಸಿಲಿಂಡರ್ ಎಲ್ಲ ತೊಟ್ಟು, ರೆಗ್ಯುಲೇಟರಿನಿಂದ ಎಡಕಂಕುಳ ಕೆಳಗೆ ಎದೆಯ ಕವಾಟದವರೆಗೆ ಒಂದು ಹಗ್ಗ ಹಿಡಿದು ಅಳೆಯಬೇಕು. ತೋಳೆತ್ತಿದರೂ ಮೈ ತಿರುಗಿಸಿದರೂ ಹಗ್ಗ ಬಿಗಿಯಬಾರದು. ಗಿಡ್ಡ ಹೋಸ್ ಕವಾಟವನ್ನು ಜಗ್ಗುತ್ತದೆ. ಉದ್ದದ್ದು ಕುಣಿಕೆಯಾಗಿ ನೀರಡಿಯ ಬಲೆಗೋ ಹಗ್ಗಕ್ಕೋ ಸಿಕ್ಕಿಕೊಳ್ಳುತ್ತದೆ.

ಇನ್ನು ಹೋಸಿನ ಮೈ. ರಬ್ಬರಿನದು ತೂಕ ಹೆಚ್ಚು, ಆದರೆ ಅದರ ಬಿರುಕು ಕಣ್ಣಿಗೆ ಕಾಣುತ್ತದೆ. ಮನೆಯ ಅಡುಗೆ ಅನಿಲದ ಟ್ಯೂಬಿನಂತೆ ಇದೂ ಮೊದಲು ಸೀಳುವುದು ಲೋಹದ ತುದಿಯ ಹತ್ತಿರವೇ. ಅಲ್ಲಿ ಪ್ಲಾಸ್ಟಿಕ್ ತೋಳುಚೀಲ ಇದ್ದರೆ ಅದನ್ನು ಸರಿಸಿಯೇ ನೋಡಬೇಕು. ನೈಲಾನ್ ಹೆಣಿಗೆಯ ಹೋಸ್ ಹಗುರ, ಸುಲಭವಾಗಿ ಬಾಗುತ್ತದೆ. ಆದರೆ ಇಂಥ ಕೆಲವು ಹೋಸ್‌ಗಳ ಒಳಪದರ ವರ್ಷಗಳು ಕಳೆದಂತೆ ಹರಳುಗಟ್ಟಿ ಉದುರಿ ದಾರಿ ಕಟ್ಟಿದ ಉದಾಹರಣೆಗಳಿವೆ. ಹೊರಗಿನಿಂದ ಹೊಸದರಂತೆ ಕಂಡರೂ ಒಳಗೆ ಸವೆದಿರಬಹುದು. ತಯಾರಿಕೆಯ ವರ್ಷ ಮುದ್ರಿಸಿದ್ದರೆ ಓದಿ. ಮುದ್ರಿಸಿಲ್ಲದ ಹಳೆಯ ಹೋಸ್ ಅಗ್ಗಕ್ಕೆ ಸಿಕ್ಕಿದರೂ ಬೇಡ.

ಕೊನೆಯ ಪರೀಕ್ಷೆ ಸೈಕಲ್ ಪಂಕ್ಚರ್ ಅಂಗಡಿಯದು. ಸಿಲಿಂಡರ್ ತೆರೆದು, ಹೋಸನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೆಯೇ ನೋಡುವುದು. ಆಮೇಲೆ ದಡದಲ್ಲಿಯೇ ಸೂಟ್ ತೊಟ್ಟು ಗಾಳಿ ತುಂಬಿ, ತೋಳಿನ ಕವಾಟದಿಂದ ಹೊರಬಿಟ್ಟು, ಹೋಸನ್ನು ಕಳಚಿ ಮತ್ತೆ ಕೂರಿಸುವುದು. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ದೂರದ ಊರಿನಿಂದ ಮಗನೋ ಮಗಳೋ "ಈ ಶನಿವಾರ ಡ್ರೈಸೂಟ್ ಹಾಕಿ ಇಳಿಯುತ್ತೇನೆ" ಎಂದು ಫೋನು ಮಾಡಿದರೆ ತಂದೆತಾಯಿ ಹೆದರಬೇಕಾಗಿಲ್ಲ, ಬೇಡ ಎನ್ನಬೇಕಾಗಿಯೂ ಇಲ್ಲ. "ಸೂಟಿನ ಹೋಸ್ ಹೊಂದುತ್ತದೆಯೇ? ದಡದಲ್ಲಿ ತುಂಬಿ ನೋಡಿದೆಯಾ?" ಎಂದು ಕೇಳಿದರೆ ಸಾಕು. ಮಕ್ಕಳಿಗೂ ಒಂದು ಮಾತು: ಹೋಸ್ ಸಿಗದ ದಿನ, ಜೊತೆಯವರು ಎಷ್ಟೇ ಅವಸರಪಡಿಸಲಿ, ಕಲಿಸುವವರೇ "ಪರವಾಗಿಲ್ಲ, ಬಾ" ಎನ್ನಲಿ, ದಡದಲ್ಲೇ ಉಳಿಯಿರಿ. ಸರೋವರ ಮುಂದಿನ ವಾರವೂ ಅಲ್ಲಿಯೇ ಇರುತ್ತದೆ.