ಇದು ಶೋಕಿಯ ಮಾತಲ್ಲ

ಸ್ತನದ ಕ್ಯಾನ್ಸರಿನ ಬಗ್ಗೆ ಪತ್ರಿಕೆಯಲ್ಲಿ ಬರೆಯುವುದೆಂದರೆ ನಮ್ಮವರಲ್ಲಿ ಹಲವರಿಗೆ ಇಂದಿಗೂ ಸಂಕೋಚ. ಆ ಸಂಕೋಚದಿಂದ ನಷ್ಟವಾಗುವುದು ನಮ್ಮ ಹೆಣ್ಣುಮಕ್ಕಳಿಗೆ. ಆದಕಾರಣ ವಿಷಯವನ್ನು ಬಿಚ್ಚಿಯೇ ಹೇಳುತ್ತೇವೆ. ರೋಗದಿಂದ ಒಂದು ಮೊಲೆ ಕಳೆದುಕೊಂಡವಳು ಅದನ್ನು ಮತ್ತೆ ಕಟ್ಟಿಸಿಕೊಳ್ಳುವ ಶಸ್ತ್ರಕ್ರಿಯೆಯ ಮಾತೆತ್ತಿದರೆ ಚಾಳಿನಲ್ಲಿ ಸಿಗುವ ಉತ್ತರ ಒಂದೇ: "ಜೀವ ಉಳಿಯಿತಲ್ಲ, ಈ ವಯಸ್ಸಿಗೆ ಇನ್ನೇನು ಶೋಕಿ?"

ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಅಪಘಾತದಲ್ಲಿ ಕಾಲು ಹೋದ ಕಾರ್ಮಿಕನಿಗೆ ಕೃತಕ ಕಾಲು ಕೊಡಿಸಲು ನಾವೇ ವಂತಿಗೆ ಎತ್ತುತ್ತೇವೆ, ಅದನ್ನು ಯಾರೂ ಶೋಕಿ ಎನ್ನುವುದಿಲ್ಲ. ಕಾಲಿಲ್ಲದೆ ದುಡಿಯಲಾಗದು, ಮೊಲೆಯಿಲ್ಲದೆ ದುಡಿಯಬಹುದು ಎಂದು ವಾದಿಸುವವರಿದ್ದಾರೆ. ನಿಜವೇ. ಆದರೆ ನಲ್ಲಿಯ ಸಾಲಿನಲ್ಲಿ, ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ, ದಿನವಿಡೀ ಸೆರಗು ಎಳೆದೆಳೆದು ಮುಚ್ಚಿಕೊಂಡು ಬದುಕುವುದು ಹೇಗೆಂದು ಗಂಡಸರಾದ ಓದುಗರು ಒಮ್ಮೆ ಯೋಚಿಸಲಿ.

ಮೊದಲು ಡಾಕ್ಟರರನ್ನು ಕೇಳಬೇಕಾದದ್ದು, ಇಡೀ ಮೊಲೆಯನ್ನು ತೆಗೆಯಲೇಬೇಕೇ ಎಂದು. ಗಂಟು ಚಿಕ್ಕದಿದ್ದಾಗ ಅದನ್ನಷ್ಟೇ ಕತ್ತರಿಸಿ ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಷ್ಯ ಕಡಿಮೆಯಾಗುವುದಿಲ್ಲವೆಂದು ಇಟಲಿ ಮತ್ತು ಅಮೆರಿಕದಲ್ಲಿ ಇಪ್ಪತ್ತು ವರ್ಷ ನಡೆಸಿದ ಪರೀಕ್ಷೆಗಳ ಫಲಿತಾಂಶ 2002ರಲ್ಲಿಯೇ ಪ್ರಕಟವಾಗಿದೆ. ಆದರೆ ವಿಕಿರಣವನ್ನು ವಾರಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು. ನಡುವೆ ಜಾತ್ರೆಯೆಂದು ಊರಿಗೆ ಹೊರಟುಬಿಡುವುದು ಸಲ್ಲದು.

ಪೂರ್ತಿ ತೆಗೆಯುವುದೇ ಅನಿವಾರ್ಯವಾದರೆ ದಾರಿಗಳು ಹಲವು. ಒಂದು, ಸಿಲಿಕೋನ್ ಚೀಲವನ್ನು ಒಳಗಿಡುವುದು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಇದನ್ನು ಮೊದಲು ಬಳಸಿದರು. ಮೈಯ ಬೇರೆ ಕಡೆ ಕೊಯ್ಯಬೇಕಿಲ್ಲ, ಶಸ್ತ್ರಕ್ರಿಯೆಯೂ ಚಿಕ್ಕದು. ಆದರೆ ಚೀಲ ಜನ್ಮಪೂರ್ತಿ ಬರುವ ವಸ್ತುವಲ್ಲ, ಮುಂದೆ ಬದಲಾಯಿಸಬೇಕಾದೀತು. ವಿಕಿರಣ ಪಡೆದವರಲ್ಲಿ ಅದರ ಸುತ್ತ ಗಟ್ಟಿಕಟ್ಟುವುದು ಹೆಚ್ಚು. ಹೊರಮೈ ತರಿತರಿಯಾಗಿದ್ದ ಒಂದು ಬಗೆಯ ಚೀಲದಿಂದ ಅಪರೂಪದ ಬೇರೊಂದು ಕ್ಯಾನ್ಸರ್ ಬಂದುದು ಕಂಡು 2019ರಲ್ಲಿ ತಯಾರಕರು ಅದನ್ನು ಹಿಂದಕ್ಕೆ ಪಡೆದರು. ಯಾವ ಬಗೆಯದನ್ನು ಇಡುತ್ತೀರಿ ಎಂದು ಕೇಳುವ ಹಕ್ಕು ರೋಗಿಗಿದೆ.

ಇನ್ನೊಂದು, ಅವಳದೇ ಬೆನ್ನಿನ ಇಲ್ಲವೆ ಹೊಟ್ಟೆಯ ಮಾಂಸದಿಂದ ಕಟ್ಟುವುದು. ನಮ್ಮ ಓದುಗರು ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಇಲ್ಲಿ. ಬೆನ್ನಿನಿಂದ ತೆಗೆಯುವ ಸ್ನಾಯು ತೋಳನ್ನು ಕೆಳಕ್ಕೂ ಹಿಂದಕ್ಕೂ ಎಳೆಯುವಂಥದು. ಮನೆಗೆಲಸಕ್ಕೆ ಅದಿಲ್ಲದೆ ಹೆಚ್ಚಿನವರಿಗೆ ನಡೆದೀತು, ಆದರೆ ಭಾರ ಎಳೆಯುವ ಕೆಲಸದಲ್ಲಿ ತೋಳಿನ ಬಲ ಕುಗ್ಗಬಹುದು. ಹೊಟ್ಟೆಯ ಸ್ನಾಯುವನ್ನೇ ತೆಗೆದರೆ ಅಲ್ಲಿನ ಗೋಡೆ ಸಡಿಲವಾಗಿ ಹರ್ನಿಯಾ ಆಗುವ ಭಯ. ಸ್ನಾಯುವನ್ನು ಬಿಟ್ಟು ಚರ್ಮ ಕೊಬ್ಬುಗಳನ್ನು ಮಾತ್ರ ರಕ್ತನಾಳ ಸಮೇತ ತೆಗೆದು ಎದೆಗೆ ಜೋಡಿಸುವ ಹೊಸ ಕ್ರಮವಿದೆ. ಇದರಲ್ಲಿ ಹೊಟ್ಟೆಯ ಬಲ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಸೂಕ್ಷ್ಮದರ್ಶಕದಡಿ ನಾಳ ಹೊಲಿಯುವ ತಜ್ಞರು ಬೇಕು, ಹಲವು ಗಂಟೆಗಳ ಕೆಲಸ, ಎಲ್ಲ ಆಸ್ಪತ್ರೆಗಳಲ್ಲೂ ಆಗುವಂಥದಲ್ಲ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಕಟ್ಟಿದ ಮಾಂಸ ಸಾಯುವುದೂ ಉಂಟು. ಸಕ್ಕರೆ ಕಾಯಿಲೆಯವರಿಗೂ ಎಲೆಯಡಿಕೆಯೊಡನೆ ತಂಬಾಕು, ಮಿಶ್ರಿ ಹಚ್ಚಿಕೊಂಡವರಿಗೂ ಗಾಯ ಮಾಯುವುದು ಕಷ್ಟ.

ಮೇಜಿನ ಮೇಲೆ ಮಲಗಿದವಳು ಏನು ಕೆಲಸ ಮಾಡುತ್ತಾಳೆಂದು ಡಾಕ್ಟರರಿಗೆ ಹೇಗೆ ಗೊತ್ತಾಗಬೇಕು? ಹೋಟೆಲಿನ ಹಿಂಬದಿಯಲ್ಲಿ ಹಂಡೆ ತಿಕ್ಕಿ ಎತ್ತಿಡುವವಳು, ಇಡ್ಲಿ ಹಿಟ್ಟಿನ ಪಾತ್ರೆ ಹೊರುವವಳು, ನಾಲ್ಕನೆಯ ಮಾಳಿಗೆಗೆ ನೀರು ಏರಿಸುವವಳು ಅದನ್ನು ಬಾಯಿಬಿಟ್ಟು ಹೇಳಬೇಕು. ಭಾರ ಎತ್ತಲು ಎಷ್ಟು ವಾರ ತಡೆಯಬೇಕು, ಬಲಗೈಯ ಬಲ ಎಷ್ಟು ಉಳಿದೀತು ಎಂದು ಕೇಳಬೇಕು. ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಕೈ ಬಾತುಕೊಳ್ಳುವ ಸಂಭವ ಬೇರೆ ಇದೆ.

ಏನನ್ನೂ ಕಟ್ಟಿಸಿಕೊಳ್ಳದೆ ಇರುವುದೂ ಒಂದು ದಾರಿಯೇ. ಒಳರವಿಕೆಯೊಳಗೆ ಹತ್ತಿಯದೋ ಸಿಲಿಕೋನಿನದೋ ಅಚ್ಚು ಇಟ್ಟುಕೊಂಡು ನೆಮ್ಮದಿಯಾಗಿರುವವರಿದ್ದಾರೆ, ಅದೂ ಬೇಡವೆನ್ನುವವರಿದ್ದಾರೆ. ಹೊಸದಾಗಿ ಕಟ್ಟಿದ ಮೊಲೆಗೆ ಹಿಂದಿನ ಸ್ಪರ್ಶಜ್ಞಾನ ಬಹಳಮಟ್ಟಿಗೆ ಬಾರದು, ಹಾಲೂ ಬಾರದು. ಕಟ್ಟಿಸಿಕೊಂಡರೆ ರೋಗ ಮರುಕಳಿಸುತ್ತದೆಂಬ ಗುಲ್ಲಿಗೆ ಮಾತ್ರ ಆಧಾರವಿಲ್ಲ. ಇಂದು ಬೇಡವೆಂದವಳು ಕೆಲವು ವರ್ಷಗಳ ಮೇಲೆ ಬೇಕೆನ್ನಬಹುದು. ಆದರೂ ಮನಸ್ಸಿನಲ್ಲಿ ಆಸೆಯಿದ್ದರೆ ಮೊದಲ ಶಸ್ತ್ರಕ್ರಿಯೆಗೆ ಮುಂಚೆಯೇ ತಿಳಿಸುವುದು ಲೇಸು. ಸಾಧ್ಯವಿದ್ದಲ್ಲಿ ಚರ್ಮವನ್ನು ಉಳಿಸಿಕೊಡುತ್ತಾರೆ. ಡಾಕ್ಟರರು ಕೇಳಿದ ಪ್ರಶ್ನೆಗೆ ಗಂಡನೋ ಹಿರಿಮಗನೋ "ಅದೆಲ್ಲ ಬೇಡ ಸಾಹೇಬರೇ" ಎಂದು ಉತ್ತರ ಕೊಟ್ಟುಬಿಡುವ ರೂಢಿ ನಮ್ಮಲ್ಲಿದೆ. ಅಣ್ಣಂದಿರೇ, ಆ ಹೊತ್ತಿನಲ್ಲಿ ದಯವಿಟ್ಟು ಸುಮ್ಮನಿದ್ದು ಅಕ್ಕನನ್ನು ಮಾತಾಡಗೊಡಿರಿ.

ಇನ್ನು ಹಣದ ಮಾತು. ಪರೇಲಿನ ಟಾಟಾ ಆಸ್ಪತ್ರೆ 1941ರಲ್ಲಿ ಗಿರಣಿಗಳ ನಡುವೆಯೇ ಎದ್ದಿತು. 1982ರ ಮುಷ್ಕರದ ತರುವಾಯ ಭೋಂಗಾಗಳು ಒಂದೊಂದಾಗಿ ನಿಂತುಹೋದವು, ರೋಗಿಗಳ ಸಾಲು ಮಾತ್ರ ನಿಂತಿಲ್ಲ. ಮೊಲೆ ತೆಗೆಯುವ ಖರ್ಚು ಕೊಡುವ ವಿಮೆಯವರು ಕಟ್ಟುವ ಖರ್ಚನ್ನೂ ಕೊಡಬೇಕೆಂದು ಅಮೆರಿಕದಲ್ಲಿ 1998ರಲ್ಲಿ ಕಾನೂನಾಯಿತು. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವೂ ಸೌಂದರ್ಯದ ಶಸ್ತ್ರಕ್ರಿಯೆಗೆ ಹಣವಿಲ್ಲವೆಂಬ ಷರತ್ತಿನಿಂದ ಕ್ಯಾನ್ಸರಿನ ನಂತರದ ಮರುರಚನೆಯನ್ನು 2019ರ ಮಾರ್ಗಸೂಚಿಯಲ್ಲಿ ಹೊರಗಿಟ್ಟಿದೆ. ದುಡಿಯುವ ಹೆಂಗಸು ತಾನೇ ಇ.ಎಸ್.ಐ. ವಿಮೆಯಲ್ಲಿ ಎರಡು ವರ್ಷ ಸತತವಾಗಿದ್ದರೆ, ಕ್ಯಾನ್ಸರಿನಂಥ ದೀರ್ಘರೋಗಕ್ಕೆ ಸಂಬಳದ ಶೇಕಡಾ 80ರಷ್ಟು ಭತ್ಯೆ ಎರಡು ವರ್ಷದ ತನಕ ಸಿಗುವ ನಿಯಮವಿದೆ.

"ಇದು ಸೌಂದರ್ಯದ ಕೆಲಸ" ಎಂದು ಬರೆದು ಯಾರ ಅರ್ಜಿಯನ್ನಾದರೂ ವಿಮೆಯವರು ಹಿಂದಕ್ಕೆ ಕಳಿಸಿದ್ದರೆ ಆ ಕಾಗದವನ್ನು ಹರಿದು ಹಾಕದೆ, ಪಾಲಿಸಿಯ ಸಮೇತ ಸಂಘದ ಕಚೇರಿಗೆ ತಂದುಕೊಡಿರಿ. ಉತ್ತರ ಬರೆಯುವ ಕೆಲಸ ನಮಗಿರಲಿ.